ಆಕಾಶ ಕಳೆದು ಉಳಿದದ್ದು

ಈ ಪರದೆಯ ಮೇಲೆ ಏನು ಕಾಣುತ್ತಿದೆ, ಹೇಳಿ ನೋಡೋಣ. ಮುಂದೆ ಕೂತವರು ನಕ್ಷತ್ರ ಅಂತಿದ್ದೀರಿ. ಹಿಂದಿನ ಸಾಲಿನವರು ಬರೀ ಕಪ್ಪು ಅಂತಿದ್ದೀರಿ. ಎರಡೂ ಸರಿ. ಇದು ಮೂರು ನಿಮಿಷ ಲೆನ್ಸು ತೆರೆದಿಟ್ಟು ತೆಗೆದ ಒಂದು ಫೋಟೋ. ವೃಷಭ ರಾಶಿಯ ಕೊಂಬಿನ ತುದಿಯ ಹತ್ತಿರದ ಆಕಾಶ. ನಟ್ಟನಡುವೆ ಒಂದು ನೀಹಾರಿಕೆ, ಅಂದರೆ ಹೊಳೆಯುವ ಅನಿಲದ ಮೋಡ, ಇದೆ. ಚಿಕ್ಕದೇನಲ್ಲ, ಆರು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲ. ಆದರೂ ಕಾಣುತ್ತಿಲ್ಲ, ಅಲ್ವಾ?

ಈಗ ಇದನ್ನು ನೋಡಿ. ಅದೇ ಕ್ಯಾಮೆರಾ, ಅದೇ ಲೆನ್ಸು, ಅದೇ ಜಾಗ. ಅಂಥ 200 ಫೋಟೋ ಸೇರಿಸಿದ್ದು. ಕೆಂಪು ನೂಲಿನ ಉಂಡೆಯನ್ನು ಬೆಕ್ಕು ಬಿಚ್ಚಿ ಹರಡಿದ ಹಾಗೆ ಎಳೆ ಎಳೆಯಾಗಿ ಹರಡಿಕೊಂಡಿದೆ. ಇದರ ಹೆಸರು ಸಿಮೀಸ್ 147. ಕ್ರಿಮಿಯಾದ ವೀಕ್ಷಣಾಲಯದಲ್ಲಿ ಗ್ರಿಗೊರಿ ಶಾಯ್ನ್ ಮತ್ತು ವೆರಾ ಗಾಜೆ 1952ರಲ್ಲಿ ಪತ್ತೆ ಮಾಡಿದ್ದು. ಸುಮಾರು 40,000 ವರ್ಷದ ಹಿಂದೆ ಸಿಡಿದ ಒಂದು ನಕ್ಷತ್ರದ ಅವಶೇಷ. ದೂರ ಸುಮಾರು 3,000 ಬೆಳಕಿನ ವರ್ಷ. ಸಿಡಿದ ನಕ್ಷತ್ರದ ತಿರುಳು ಇನ್ನೂ ಒಳಗೇ ಇದೆ, ಸೆಕೆಂಡಿಗೆ ಏಳು ಸುತ್ತು ತಿರುಗುತ್ತಿದೆ. ಇದಕ್ಕೆ ಸ್ಪಾಗೆಟ್ಟಿ ನೀಹಾರಿಕೆ ಅಂತ ಅಡ್ಡಹೆಸರು. ನಾನು ಮನೆಯಲ್ಲಿ ಶ್ಯಾವಿಗೆ ಅಂತಲೇ ಕರೆಯುವುದು. ಇವತ್ತೂ ಹಾಗೇ ಕರೆಯುತ್ತೇನೆ.

ಮೊದಲ ಫೋಟೋದಲ್ಲೂ ಶ್ಯಾವಿಗೆ ಇತ್ತು. ಅದರ ಬೆಳಕು ಬಂದು ಕ್ಯಾಮೆರಾದಲ್ಲಿ ಕೂತಿತ್ತು. ಕಾಣದೇ ಇದ್ದದ್ದು ಬೆಳಕು ಕಡಿಮೆಯಾಗಿ ಅಲ್ಲ, ಆಕಾಶದ ಸ್ವಂತ ಬೆಳಕು ಜಾಸ್ತಿಯಾಗಿ. ಮಂಕು ನೀಹಾರಿಕೆಯ ಫೋಟೋ ಅಂದರೆ ಬೆಳಕು ಕೂಡಿಡುವ ಕೆಲಸ ಅಂತ ನಾನೂ ಮೊದಲೆರಡು ವರ್ಷ ಅಂದುಕೊಂಡಿದ್ದೆ. ದೊಡ್ಡ ಟೆಲಿಸ್ಕೋಪಿಗೆ ದುಡ್ಡು ಹೊಂದಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಇದು ಕೂಡುವ ಲೆಕ್ಕ ಅಲ್ಲ, ಕಳೆಯುವ ಲೆಕ್ಕ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವನು, ಲೆಕ್ಕದಲ್ಲೇ ಹೇಳುತ್ತೇನೆ.

ನೆಲಮಂಗಲದ ಟೋಲ್ ಗೇಟು ನಿಮಗೆಲ್ಲ ಗೊತ್ತು. ಅಲ್ಲಿ ಗಂಟೆಗೆ ಸರಾಸರಿ 1,000 ಗಾಡಿ ಹೋಗುತ್ತವೆ ಅಂತ ಇಟ್ಟುಕೊಳ್ಳಿ, ಸುಮ್ನೆ ಲೆಕ್ಕಕ್ಕೆ. ಪ್ರತಿ ಗಂಟೆಯೂ ಸರಿಯಾಗಿ 1,000 ಹೋಗುತ್ತದಾ? ಇಲ್ಲ. ಒಮ್ಮೆ 970, ಒಮ್ಮೆ 1,035. ತಮ್ಮ ಪಾಡಿಗೆ ಬರುವ ಗಾಡಿಗಳಾದರೆ ಈ ಏರಿಳಿತ ಸುಮಾರು ಸಂಖ್ಯೆಯ ವರ್ಗಮೂಲದಷ್ಟು ಇರುತ್ತದೆ. 1,000ದ ವರ್ಗಮೂಲ 32. ಈಗ ಪಕ್ಕದ ಹಳ್ಳಿಯಿಂದ ಗಂಟೆಗೆ ಎರಡೇ ಎರಡು ಗಾಡಿ ಹೊಸದಾಗಿ ಬರಲು ಶುರುವಾಯಿತು. ಒಂದು ಗಂಟೆ ಎಣಿಸಿ ಅದನ್ನು ಕಂಡುಹಿಡಿಯಿರಿ ನೋಡೋಣ. ಆಗುವುದಿಲ್ಲ. 32ರ ಅಲುಗಾಟದಲ್ಲಿ 2 ಎಲ್ಲಿ ಕಾಣುತ್ತದೆ?

ಆದರೆ 100 ಗಂಟೆ ಎಣಿಸಿ ಸರಾಸರಿ ತೆಗೆದರೆ ಅಲುಗಾಟ ಹತ್ತು ಪಟ್ಟು ಇಳಿದು 3 ಆಗುತ್ತದೆ. ಇನ್ನೂ ಸಾಲದು. 10,000 ಗಂಟೆ ಎಣಿಸಿದರೆ 0.3. ಈಗ ಆ ಎರಡು ಗಾಡಿ ಎದ್ದು ಕಾಣುತ್ತವೆ. ಗಾಡಿಯ ಜಾಗದಲ್ಲಿ ಬೆಳಕಿನ ಕಣ ಇಟ್ಟುಕೊಳ್ಳಿ, ಗಂಟೆಯ ಜಾಗದಲ್ಲಿ ಒಂದು ಫೋಟೋ. 1,000 ಆಕಾಶದ್ದು, 2 ನೀಹಾರಿಕೆಯದ್ದು. 10,000 ಫೋಟೋ ತೆಗೆಯಲು ಯಾರಿಗೆ ಪುರುಸೊತ್ತಿದೆ? ಚಿತ್ರ ಎರಡು ಪಟ್ಟು ಚೆನ್ನಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಕೂರಬೇಕು, ನಾಲ್ಕು ಪಟ್ಟಿಗೆ ಹದಿನಾರು. ಈ ವರ್ಗಮೂಲ ನಮ್ಮ ಹವ್ಯಾಸದ ಶನಿ.

ಇಲ್ಲೊಂದು ಉಪಾಯ ಇದೆ. ಹಳ್ಳಿಯಿಂದ ಬರುವ ಆ ಎರಡು ಗಾಡಿ ಯಾವಾಗಲೂ ಲಾರಿಯೇ, ಯಾವಾಗಲೂ ಕೊನೆಯ ಲೇನಿನಲ್ಲೇ ಬರುತ್ತವೆ ಅಂತ ನಿಮಗೆ ಗೊತ್ತಿದ್ದರೆ? ಆಗ ಬೇರೆ ಲೇನಿನ ಲೆಕ್ಕ ಯಾಕೆ? ಆ ಒಂದು ಲೇನಿನಲ್ಲಿ ಮಾಮೂಲಿ ಓಡಾಟ ಗಂಟೆಗೆ 20 ಮಾತ್ರ. 20ರ ಅಲುಗಾಟ ನಾಲ್ಕೂವರೆ. 200 ಸಲ ಎಣಿಸಿದರೆ 0.3. ಅಲ್ಲಿ 10,000 ಬೇಕಾಗಿತ್ತು, ಇಲ್ಲಿ 200 ಸಾಕು.

ಶ್ಯಾವಿಗೆಯ ಬೆಳಕು ಹಾಗೇ ಒಂದೇ ಲೇನಿನಲ್ಲಿ ಬರುತ್ತದೆ. ಅದರಲ್ಲಿರುವ ಜಲಜನಕ ಮುಖ್ಯವಾಗಿ ಒಂದೇ ಕೆಂಪಿನಲ್ಲಿ ಹೊಳೆಯುತ್ತದೆ, 656.3 ನ್ಯಾನೋಮೀಟರ್. ಆಕಾಶದ ಬೆಳಕು ಮಾತ್ರ 400ರಿಂದ 700ರವರೆಗೆ ಎಲ್ಲ ಕಡೆ ಚೆಲ್ಲಿಕೊಂಡಿರುತ್ತದೆ. 656ರ ಸುತ್ತ ಬರೀ 6 ನ್ಯಾನೋಮೀಟರ್ ಬಿಟ್ಟು ಉಳಿದಿದ್ದೆಲ್ಲ ತಡೆಯುವ ಫಿಲ್ಟರ್ ಹಾಕಿದರೆ ಆಕಾಶ ಐವತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶ್ಯಾವಿಗೆ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಮೂರು ಇಂಚೂ ಇಲ್ಲದ ಆ ಗಾಜಿನ ಬಿಲ್ಲೆಗೆ ನಾನು ಲೆನ್ಸಿಗಿಂತ ಜಾಸ್ತಿ ಮರ್ಯಾದೆ ಕೊಡುತ್ತೇನೆ.

ಹಿಂದೆ ಬೀದಿಯಲ್ಲಿ ಹಳದಿ ಸೋಡಿಯಂ ದೀಪ ಇದ್ದವು. ಅವುಗಳ ಬೆಳಕು ಬಹುಪಾಲು 589ರ ಆಸುಪಾಸಿನಲ್ಲೇ. ಅದೊಂದನ್ನು ತಡೆಯುವ ಫಿಲ್ಟರ್ ಹಾಕಿದರೆ ಊರಿನ ಆಕಾಶವೂ ಸ್ವಲ್ಪ ಸುಧಾರಿಸುತ್ತಿತ್ತು. ಈಗ ಎಲ್ಲ ಕಡೆ ಬಿಳಿ ಎಲ್‌ಇಡಿ. ಅದು ಎಲ್ಲ ಲೇನಿನಲ್ಲೂ ಓಡುತ್ತದೆ. ಹಳೆಯ ಫಿಲ್ಟರ್‌ಗಳು ಈಗ ಡ್ರಾಯರ್‌ನಲ್ಲಿವೆ.

ನಿಮ್ಮಲ್ಲಿ ಕ್ಯಾಮೆರಾ ಇರುವವರಿಗೆ ಒಂದು ಮಾತು. ಅಂಗಡಿಯ ಮಾಮೂಲಿ ಕ್ಯಾಮೆರಾದ ಒಳಗೆ ಈ ಕಡುಗೆಂಪನ್ನು ತಡೆಯುವ ಗಾಜೊಂದು ಇರುತ್ತದೆ. ಮದುಮಗಳ ಮುಖ ಕೆಂಪಗೆ ಬರಬಾರದು ಅಂತ ಹಾಕಿರುವುದು. ಅದರಿಂದ ನಮ್ಮ ಜಲಜನಕದ ಬೆಳಕಿನ ಹೆಚ್ಚಿನ ಪಾಲು ಬಾಗಿಲಲ್ಲೇ ವಾಪಸ್. ಆ ಗಾಜು ತೆಗೆಸಿದ ಹಳೆಯ ಕ್ಯಾಮೆರಾ ನೀಹಾರಿಕೆಗೆ ಹೊಸ ಕ್ಯಾಮೆರಾಕ್ಕಿಂತ ಎಷ್ಟೋ ವಾಸಿ. ಆಮೇಲೆ ಅದನ್ನು ಮದುವೆಗೆ ಮಾತ್ರ ಒಯ್ಯಬೇಡಿ. ನಾನು ಒಯ್ದಿದ್ದೆ. ಇಡೀ ಬೀಗರ ಕಡೆಯವರು ಬಿಸಿಲಲ್ಲಿ ಬೆಂದವರ ಹಾಗೆ ಬಂದರು.

ಹೆಚ್ಚು ಹೊತ್ತು ಬೆಳಕು ಹಿಡಿದರೆ ಕಣ್ಣಿಗೆ ಕಾಣದ್ದು ಕಾಣುತ್ತದೆ ಅಂತ ತೋರಿಸಿಕೊಟ್ಟವರಲ್ಲಿ ಮೊದಲಿಗ ಒಬ್ಬ ಡಾಕ್ಟರ್. ನ್ಯೂಯಾರ್ಕಿನ ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರ ರಾತ್ರಿ ಒರೈಯನ್ ನೀಹಾರಿಕೆಯ ಮೊದಲ ಫೋಟೋ ತೆಗೆದ. 51 ನಿಮಿಷ. ಅದಕ್ಕೆ ಮುಂಚೆ ಇದು ಆಗುತ್ತಿರಲಿಲ್ಲ. ಆಗಿನ ಹಸಿ ಲೇಪದ ಗಾಜಿನ ಪ್ಲೇಟು ಕೆಲವೇ ನಿಮಿಷದಲ್ಲಿ ಒಣಗಿ ಹೋಗುತ್ತಿತ್ತು. ಒಣ ಪ್ಲೇಟು ಬಂದ ಮೇಲೆ ದಾರಿ ತೆರೆಯಿತು. 1882ರ ಮಾರ್ಚಿನಲ್ಲಿ ಅದೇ ನೀಹಾರಿಕೆಯನ್ನು 137 ನಿಮಿಷ ಹಿಡಿದ. ಅದೇ ವರ್ಷ ತೀರಿಕೊಂಡ.

ಡ್ರೇಪರ್ ಆ 137 ನಿಮಿಷವನ್ನೂ ಒಂದೇ ಗುಕ್ಕಿನಲ್ಲಿ ಹಿಡಿಯಬೇಕಿತ್ತು. 130ನೇ ನಿಮಿಷಕ್ಕೆ ಮೋಡ ಬಂದರೆ ಎಲ್ಲ ಹೋಯಿತು. ನಮಗೆ ಆ ಕಷ್ಟವಿಲ್ಲ. ಮೂರು ಮೂರು ನಿಮಿಷದ ತುಂಡು ಮಾಡಿ ತೆಗೆಯುತ್ತೇವೆ, ಕೆಟ್ಟ ತುಂಡು ಎಸೆಯುತ್ತೇವೆ. ಉಪಗ್ರಹ ಒಂದು ಗೆರೆ ಎಳೆದು ಹೋಯಿತು ಅನ್ನಿ. ಒಂದು ಪಿಕ್ಸೆಲ್ 199 ಫೋಟೋದಲ್ಲಿ 22ರ ಆಸುಪಾಸು ಹೇಳುತ್ತಿದೆ, ಒಂದರಲ್ಲಿ ಮಾತ್ರ 900. ಆ 900 ಸುಳ್ಳು ಅಂತ ಸಾಫ್ಟ್‌ವೇರ್ ತಾನೇ ತೆಗೆದುಹಾಕುತ್ತದೆ. ಸಿರಿಲ್, ಡೀಪ್‌ಸ್ಕೈಸ್ಟ್ಯಾಕರ್ ಎರಡೂ ಪುಕ್ಕಟೆ. ಹಾಗಂತ ತುಂಡು ತೀರಾ ಚಿಕ್ಕದಾಗಲೂಬಾರದು. ಪ್ರತಿ ಸಲ ಓದುವಾಗ ಕ್ಯಾಮೆರಾ ತನ್ನದೂ ಒಂದಿಷ್ಟು ಗದ್ದಲ, ಅಂದರೆ ಅಲುಗಾಟ, ಸೇರಿಸುತ್ತದೆ.

ಗಾಜಿನ ಪ್ಲೇಟಿನ ಮಾತು ಬಂದಿದ್ದಕ್ಕೆ ಇದೊಂದು ಹೇಳಿಬಿಡುತ್ತೇನೆ. ಕುದುರೆ ತಲೆ ನೀಹಾರಿಕೆ ಕಂಡದ್ದು ಹಾರ್ವರ್ಡ್‌ನಲ್ಲಿ 1888ರಲ್ಲಿ ತೆಗೆದ ಒಂದು ಪ್ಲೇಟಿನಲ್ಲಿ. ಕಂಡವರು ವಿಲಿಯಮಿನಾ ಫ್ಲೆಮಿಂಗ್. ಅಲ್ಲಿನ ನಿರ್ದೇಶಕರ ಮನೆಗೆಲಸಕ್ಕೆ ಬಂದಿದ್ದ ಹೆಂಗಸು, ಆಮೇಲೆ ಪ್ಲೇಟು ನೋಡುವ ಕೆಲಸಕ್ಕೆ ಸೇರಿದವರು. ನೀಹಾರಿಕೆಗಳ ಪಟ್ಟಿ ಅಚ್ಚಾದಾಗ ಅವರ ಹೆಸರು ಬಿಟ್ಟುಹೋಗಿತ್ತು. ಲೆನ್ಸು ತೆರೆದವರಿಗಿಂತ ಕೂತು ನೋಡಿದವರು ದೊಡ್ಡವರು ಅಂತ ನನಗೆ ಅನ್ನಿಸುವುದು ಇಂಥ ಕಡೆ.

ಸರಿ, ಮೂರು ನಿಮಿಷ ಲೆನ್ಸು ತೆರೆದರೆ ನಕ್ಷತ್ರ ಓಡುವುದಿಲ್ಲವಾ? ಓಡುತ್ತದೆ. ನನ್ನ 135 ಮಿಲಿಮೀಟರ್ ಲೆನ್ಸಿನಲ್ಲಿ ಒಂದು ನಕ್ಷತ್ರ ಒಂದು ಪಿಕ್ಸೆಲ್ ದಾಟಲು ಅರ್ಧ ಸೆಕೆಂಡೂ ಬೇಡ. ಅದಕ್ಕೇ ಭೂಮಿ ತಿರುಗುವ ವೇಗದಲ್ಲಿ ಕ್ಯಾಮೆರಾವನ್ನು ಹಿಂದಕ್ಕೆ ತಿರುಗಿಸುವ ಮೌಂಟ್ ಬೇಕು. 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಅದರ ಅಚ್ಚು ಭೂಮಿಯ ಅಚ್ಚಿಗೆ ಸಮನಾಗಿರಬೇಕು, ಅಂದರೆ ಧ್ರುವ ನಕ್ಷತ್ರದ ಪಕ್ಕಕ್ಕೆ ಗುರಿ ಇಡಬೇಕು.

ಪುಸ್ತಕದಲ್ಲಿ ಇದು ಒಂದು ಸಾಲು. ನಮ್ಮಲ್ಲಿ ಇದೇ ಅರ್ಧ ರಾತ್ರಿಯ ಕೆಲಸ. ಧ್ರುವ ನಕ್ಷತ್ರ ಎಷ್ಟು ಎತ್ತರದಲ್ಲಿ ಕಾಣುತ್ತದೆ? ನಿಮ್ಮೂರಿನ ಅಕ್ಷಾಂಶ ಎಷ್ಟೋ ಅಷ್ಟು. ಲಂಡನ್ನಿನಲ್ಲಿ 51 ಡಿಗ್ರಿ, ತಲೆಯೆತ್ತಿದರೆ ಸಿಕ್ಕಿತು. ಬೆಂಗಳೂರಿನಲ್ಲಿ 13. ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ. ನಾನು ಹೋಗುವುದು ಹೊಸದುರ್ಗದ ಕಡೆ ದೊಡ್ಡಪ್ಪನ ತೋಟಕ್ಕೆ, ಅಲ್ಲಿ 14. ತೆಂಗಿನ ಮರಗಳ ಹಿಂದೆ. ಇನ್ನು ಮೌಂಟುಗಳ ತಯಾರಿಕೆ 40, 50 ಡಿಗ್ರಿಯ ದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಕೆಲವು 20 ಡಿಗ್ರಿಗಿಂತ ಕೆಳಗೆ ಬಗ್ಗುವುದೇ ಇಲ್ಲ. ಬಗ್ಗಿಸಿದರೆ ತೂಕದ ಕಂಬಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ನನ್ನ ಪರಿಹಾರ ಇಟ್ಟಿಗೆ. ದಕ್ಷಿಣದ ಕಡೆಯ ಕಾಲಿನ ಕೆಳಗೆ ಎರಡು ಇಟ್ಟಿಗೆ ಇಟ್ಟರೆ ಇಡೀ ಮೌಂಟ್ ಉತ್ತರಕ್ಕೆ ವಾಲುತ್ತದೆ, ಉಳಿದ ಡಿಗ್ರಿ ಸಿಗುತ್ತದೆ. ಮರದ ಹಿಂದಿನ ಧ್ರುವನಿಗೆ ಈಗ ಸಾಫ್ಟ್‌ವೇರ್ ಇದೆ. ಆಕಾಶದ ಮೂರು ಬೇರೆ ಜಾಗದ ಫೋಟೋ ತೆಗೆದು, ನಕ್ಷತ್ರಗಳನ್ನು ಗುರುತಿಸಿ, ನಿನ್ನ ಅಚ್ಚು ಇಷ್ಟು ಎಡಕ್ಕಿದೆ, ಇಷ್ಟು ಮೇಲಿದೆ ಅಂತ ಹೇಳುತ್ತದೆ.

ಈ ಅಕ್ಷಾಂಶವನ್ನು ಸುಮ್ನೆ ಬೈಯಬಾರದು. ಲಂಡನ್ನಿನವರ ಕಣ್ಣಿಗೆ ಜೀವಮಾನದಲ್ಲಿ ಬೀಳದ ಕರೀನಾ ನೀಹಾರಿಕೆ ನಮಗೆ ದಕ್ಷಿಣದಲ್ಲಿ 16, 17 ಡಿಗ್ರಿ ಎತ್ತರಕ್ಕೆ ಬರುತ್ತದೆ. ವೇಲಾದ ಸೂಪರ್‌ನೋವಾ ಅವಶೇಷ, ಅದೂ ಸಿಡಿದ ನಕ್ಷತ್ರದ್ದೇ, ಇನ್ನೂ ಮೇಲೆ. ಅವರ ಧ್ರುವ ಅವರಿಗಿರಲಿ.

ಯಾವಾಗ ತೆಗೆಯಬೇಕು ಅನ್ನುವುದಕ್ಕೆ ನಮ್ಮ ರೈತರ ಪಂಚಾಂಗವೇ ಸಾಕು. ಮೃಗಶಿರ ಮಳೆ, ಆರಿದ್ರಾ ಮಳೆ ಅಂತೀವಲ್ಲ, ಸೂರ್ಯ ಆಗ ಆ ನಕ್ಷತ್ರಗಳ ದಿಕ್ಕಿನಲ್ಲಿ ಇರುತ್ತಾನೆ ಅಂತ ಅರ್ಥ. ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ ಅಂತ ಗಾದೆ. ಜೂನಿನ ಮೃಗಶಿರ ಮಳೆಯ ಹೊತ್ತಿಗೆ ಸೂರ್ಯ ನಮ್ಮ ಶ್ಯಾವಿಗೆಯ ಪಕ್ಕದಲ್ಲೇ ಹಾದುಹೋಗುತ್ತಾನೆ. ಅಲ್ಲಿಂದ ಆರು ತಿಂಗಳು ಎಣಿಸಿ. ಡಿಸೆಂಬರಿನ ನಡುರಾತ್ರಿ ಅದು ನೆತ್ತಿಯ ಹತ್ತಿರ ಇರುತ್ತದೆ. ಮಳೆ ಇಲ್ಲ, ಗಾಳಿ ಇಲ್ಲ. ಎಳ್ಳಮಾವಾಸ್ಯೆ ನನ್ನ ಪಾಲಿಗೆ ವರ್ಷದ ದೊಡ್ಡ ಹಬ್ಬ.

ತೋಟದಲ್ಲಿ ಕತ್ತಲು ಚೆನ್ನಾಗಿದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ ಮಿಟುಕುತ್ತವೆ, ಅವು ನೆತ್ತಿಯ ತನಕ ಬರುವುದಿಲ್ಲ. ತೊಂದರೆ ಕೊಡುವುದು ಪಂಪ್‌ಸೆಟ್ ಮನೆಯ ಬಲ್ಬು. ರಾತ್ರಿ ಹನ್ನೊಂದಕ್ಕೆ ತ್ರೀ ಫೇಸ್ ಕರೆಂಟು ಬಂದರೆ ಮೋಟರ್ ಹಾಕಲು ದೊಡ್ಡಪ್ಪ ಬರುತ್ತಾರೆ, ಬಲ್ಬು ಹತ್ತುತ್ತದೆ. ಮೊದಲ ರಾತ್ರಿ ಬಂದು ನಿಂತು ಕೇಳಿದರು.

"ಏನೋ, ಕತ್ತಲಲ್ಲಿ ಕೂತು ಏನ್ ಮಾಡ್ತಿದೀಯ?"

"ಫೋಟೋ ತೆಗೀತಿದೀನಿ ದೊಡ್ಡಪ್ಪ."

"ಬಂತಾ?"

"ಇನ್ನೂ ಮೂರು ರಾತ್ರಿ ಬೇಕು."

"ಮೂರು ರಾತ್ರಿನಾ? ಅದೇನ್ ಫೋಟೋನೋ, ಕಬ್ಬಿಗೆ ನೀರು ಹಾಯ್ಸೋದೋ!"

ಮೂರು ಅಂದಿದ್ದು ನಾಲ್ಕಾಯಿತು. ಎರಡನೇ ರಾತ್ರಿ ಒಂದು ಗಂಟೆಗೆ ಎಲ್ಲ ಸರಿ ಇದೆ ಅಂತ ನೋಡಿ ಮಲಗಿದೆ. ತೋಟಕ್ಕೆ ಸಂಜೆ ನೀರು ಹಾಯಿಸಿದ್ದರು. ಗಾಳಿಯಲ್ಲಿ ಪಸೆ ಇತ್ತು. ಲೆನ್ಸಿಗೆ ಸುತ್ತುವ ಬಿಸಿ ಪಟ್ಟಿಯ ವೈರು ಮೌಂಟ್ ತಿರುಗುತ್ತಾ ತಿರುಗುತ್ತಾ ಜಗ್ಗಿ ಕಳಚಿತ್ತು. ಐದು ಗಂಟೆಗೆ ಎದ್ದು ನೋಡಿದರೆ ಲೆನ್ಸಿನ ಮೇಲೆ ಇಬ್ಬನಿ, ಬೆರಳಲ್ಲಿ ಹೆಸರು ಬರೆಯಬಹುದಿತ್ತು. 80 ಫೋಟೋ, ನಾಲ್ಕು ಗಂಟೆ. ಒಂದೊಂದು ನಕ್ಷತ್ರವೂ ನೆನೆದ ಹತ್ತಿಯ ಉಂಡೆ. ತಪ್ಪು ನನ್ನದೇ, ಯಾರನ್ನೂ ಬೈಯುವ ಹಾಗಿರಲಿಲ್ಲ. ಈಗ ವೈರನ್ನು ಮೌಂಟಿಗೇ ದಾರದಲ್ಲಿ ಕಟ್ಟುತ್ತೇನೆ, ಗಂಟೆಗೊಮ್ಮೆ ಅಲಾರಂ ಇಟ್ಟು ಎದ್ದು ಒಂದು ಫೋಟೋದ ನಕ್ಷತ್ರ ದೊಡ್ಡದು ಮಾಡಿ ನೋಡುತ್ತೇನೆ.

ಬೆಳಗಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಇಲ್ಲಿ ಬೇರೆ ಬೇರೆ ಕಳೆಯುವಿಕೆಗಳು ಸೇರಿಕೊಳ್ಳುತ್ತವೆ. ಕ್ಯಾಮೆರಾ ಬಿಸಿಗೇ ತನ್ನಷ್ಟಕ್ಕೆ ಒಂದಿಷ್ಟು ಬೆಳಕು ಕಂಡ ಹಾಗೆ ಬರೆದುಕೊಳ್ಳುತ್ತದೆ. ಮುಚ್ಚಳ ಹಾಕಿ ಅದೇ ಮೂರು ನಿಮಿಷದ ಫೋಟೋಗಳನ್ನು ತೆಗೆದು ಅದನ್ನು ಕಳೆಯಬೇಕು. ಇನ್ನೊಂದು, ಯಾವ ಲೆನ್ಸೂ ಮೂಲೆಗೆ ನಡುವಿನಷ್ಟು ಬೆಳಕು ಕೊಡುವುದಿಲ್ಲ. ಸೆನ್ಸರ್ ಮೇಲೆ ಧೂಳಿನ ಕಣ ಕೂತಿದ್ದರೆ ಅದರ ನೆರಳು ಬಳೆಯ ಹಾಗೆ ಕಾಣುತ್ತದೆ. ಮಾಮೂಲಿ ಫೋಟೋದಲ್ಲಿ ಇದು ಯಾರ ಗಮನಕ್ಕೂ ಬಾರದು. ಆದರೆ ನಾವು ಆಕಾಶವನ್ನೆಲ್ಲ ಕಳೆದು ಉಳಿದ ಚೂರನ್ನು ನೂರಾರು ಪಟ್ಟು ಹಿಗ್ಗಿಸುತ್ತಿದ್ದೇವೆ. ಆಗ ಧೂಳೂ ನೀಹಾರಿಕೆಯ ಹಾಗೆ ಎದ್ದು ನಿಲ್ಲುತ್ತದೆ.

ಅದಕ್ಕೆ ಸಮನಾದ ಬಿಳಿ ಬೆಳಕಿನ ಫೋಟೋ ಬೇಕು. ಇದಕ್ಕೆ ಅಂತಲೇ ದೀಪದ ಹಲಗೆ ಮಾರುತ್ತಾರೆ. ನಾನು ದೊಡ್ಡಪ್ಪನ ಪಂಚೆ ಬಳಸುತ್ತೇನೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಪಂಚೆ, ಜರಿ ಅಂಚು ಪಕ್ಕಕ್ಕೆ ಬರುವ ಹಾಗೆ ಎರಡು ಮಡಿಕೆ ಮಾಡಿ ಲೆನ್ಸಿನ ಬಾಯಿಗೆ ಬಿಗಿಯಾಗಿ ಹಿಡಿದು ರಬ್ಬರ್ ಬ್ಯಾಂಡ್ ಹಾಕುವುದು. ಒಂದು ಸುಕ್ಕೂ ಇರಬಾರದು. ಸೂರ್ಯ ಹುಟ್ಟುವ ಮುಂಚೆ ನೆತ್ತಿಯ ಕಡೆ ತಿರುಗಿಸಿ 30 ಫೋಟೋ. ಫೋಕಸ್ ಮುಟ್ಟಬಾರದು, ಲೆನ್ಸು ಬಿಟ್ಟು ಕ್ಯಾಮೆರಾ ಮಾತ್ರ ತಿರುಗಿಸಬಾರದು. ಮುಟ್ಟಿದರೆ ಧೂಳಿನ ನೆರಳು ಜಾಗ ಬದಲಿಸುತ್ತದೆ, ಲೆಕ್ಕ ಕೆಡುತ್ತದೆ. ಆಕಾಶದ ಫೋಟೋಗಳನ್ನು ಈ ಪಂಚೆಯ ಫೋಟೋದಿಂದ ಭಾಗಿಸಿದರೆ ಮೂಲೆ, ಧೂಳು ಎಲ್ಲ ಸಮ. ನೀವು ನೋಡಿದ ಶ್ಯಾವಿಗೆಯ ಹಿಂದೆ ದೊಡ್ಡಮ್ಮ ಹಾಕಿದ ನೀಲಿಯ ಪಾಲೂ ಇದೆ.

ಬಣ್ಣ ನಿಜವಾ ಅಂತ ಯಾರೋ ಚೀಟಿ ಕಳಿಸಿದ್ದೀರಿ. ಕೆಂಪು ನಿಜ, ಜಲಜನಕದ ಕೆಂಪೇ. ಆದರೆ ನೀವು ರಾಕೆಟ್ಟಿನಲ್ಲಿ ಹತ್ತಿರ ಹೋದರೂ ಕೆಂಪಗೆ ಕಾಣುವುದಿಲ್ಲ. ಕತ್ತಲಲ್ಲಿ ಕೆಲಸ ಮಾಡುವ ನಮ್ಮ ಕಣ್ಣಿನ ಭಾಗಕ್ಕೆ ಈ ಕೆಂಪು ತಿಳಿಯುವುದೇ ಇಲ್ಲ. ಇನ್ನು ಹಬಲ್ ಬಾಹ್ಯಾಕಾಶ ದೂರದರ್ಶಕ 1995ರಲ್ಲಿ ತೆಗೆದ, ಅನಿಲ ಮತ್ತು ಧೂಳಿನ ಕಂಬಗಳ ಆ ಪ್ರಸಿದ್ಧ ಚಿತ್ರದಲ್ಲಿ ಗಂಧಕಕ್ಕೆ ಕೆಂಪು, ಜಲಜನಕಕ್ಕೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟಿದ್ದಾರೆ. ಭೂಪಟದಲ್ಲಿ ಜಿಲ್ಲೆಗಳಿಗೆ ಬಣ್ಣ ಕೊಟ್ಟ ಹಾಗೆ. ಹೇಳಿ ಮಾಡಿದರೆ ನನಗೆ ತಕರಾರಿಲ್ಲ. ನನ್ನ ತಕರಾರು ಬೇರೆ. ಈಗ ಬಂದಿರುವ ಕೆಲವು ಸಾಫ್ಟ್‌ವೇರ್ ಗದ್ದಲ ತೆಗೆಯುತ್ತೇನೆ ಅಂತ ಹೇಳಿ ಇಲ್ಲದ ಎಳೆಗಳನ್ನು ನೇಯ್ದು ಕೊಡುತ್ತವೆ. ಬಣ್ಣ ಬೇರೆ ಹಚ್ಚಿದರೆ ಅದು ಚಿತ್ರ. ಎಳೆಯನ್ನೇ ಸೃಷ್ಟಿಸಿದರೆ ಕಳ್ಳ ಲೆಕ್ಕ.

ಇದೆಲ್ಲ ಹವ್ಯಾಸಿಗಳ ಆಟ, ದೊಡ್ಡ ವೀಕ್ಷಣಾಲಯಗಳು ಎಲ್ಲವನ್ನೂ ನೋಡಿ ಮುಗಿಸಿವೆ ಅಂದುಕೊಳ್ಳಬೇಡಿ. ಆಂಡ್ರೊಮಿಡಾ ಗೆಲಾಕ್ಸಿಯಷ್ಟು ಫೋಟೋ ತೆಗೆಸಿಕೊಂಡದ್ದು ಆಕಾಶದಲ್ಲಿ ಕಡಿಮೆ. 2022ರಲ್ಲಿ ಯಾನ್ ಸೆಂಟಿ ಅನ್ನುವ ಫ್ರಾನ್ಸಿನ ಹವ್ಯಾಸಿ, ನಾಲ್ಕು ಇಂಚಿನ ಟೆಲಿಸ್ಕೋಪಿನಲ್ಲಿ, ಅದರ ಪಕ್ಕವನ್ನೇ ಆಮ್ಲಜನಕದ ಫಿಲ್ಟರ್ ಹಾಕಿ ತೆಗೆದರು. ಮಾರ್ಸೆಲ್ ಡ್ರೆಕ್ಸ್‌ಲರ್, ಝೇವಿಯರ್ ಸ್ಟ್ರಾಟ್‌ನರ್ ಜೊತೆಗಿದ್ದರು. ಗೆಲಾಕ್ಸಿಯ ಪಕ್ಕದಲ್ಲಿ ಮೂರು ಚಂದ್ರರಷ್ಟು ಉದ್ದದ ನೀಲಿ ಕಮಾನು. ಅಲ್ಲಿಯ ತನಕ ಯಾರೂ ಕಂಡಿರಲಿಲ್ಲ. ಖಚಿತವಾಗಲು ನೂರು ಗಂಟೆಗಿಂತ ಹೆಚ್ಚು ಬೆಳಕು ಹಿಡಿಯಬೇಕಾಯಿತು. ದೊಡ್ಡ ದೂರದರ್ಶಕಗಳು ನೋಡುವುದು ಆಕಾಶದ ಚಿಟಿಕೆಯಷ್ಟು ಜಾಗ, ಮತ್ತೆ ಅಲ್ಲಿ ಒಬ್ಬರಿಗೆ ನೂರು ಗಂಟೆ ಯಾರು ಕೊಡುತ್ತಾರೆ? ನಮಗೆ ದೊಡ್ಡಪ್ಪ ಕೊಡುತ್ತಾರೆ.

ಕೊನೆಯ ಚಿತ್ರ ಇದು. ಶ್ಯಾವಿಗೆಯದ್ದೇ, ಬಲ ಅಂಚು ದೊಡ್ಡದು ಮಾಡಿದ್ದು. ಇಲ್ಲಿ, ನನ್ನ ಕಡ್ಡಿಯ ತುದಿ ನೋಡಿ, ಒಂದು ತೀರಾ ತೆಳು ಎಳೆ. ಉಳಿದ ಉಂಡೆಯಿಂದ ಹೊರಗೆ ಹೋಗುತ್ತಿದೆ. ಬೇರೆಯವರ ಚಿತ್ರ ತೆಗೆದು ಹೋಲಿಸಿದೆ. ಒಬ್ಬರದ್ದರಲ್ಲಿ ಇದ್ದ ಹಾಗೆ, ಇನ್ನೊಬ್ಬರದ್ದರಲ್ಲಿ ಇಲ್ಲದ ಹಾಗೆ. ಅದು 40,000 ವರ್ಷದ ಹಳೆಯ ಅನಿಲವೋ, ಪಂಚೆಯ ಒಂದು ಸುಕ್ಕೋ? ಚಿತ್ರ ನೋಡಿ ಹೇಳಲಾಗದು. ಈ ಎಳ್ಳಮಾವಾಸ್ಯೆಗೆ ಕ್ಯಾಮೆರಾವನ್ನು 90 ಡಿಗ್ರಿ ತಿರುಗಿಸಿ ಮತ್ತೆ 200 ತೆಗೆಯುತ್ತೇನೆ. ಎಳೆ ನಕ್ಷತ್ರಗಳ ಜೊತೆ ತಿರುಗಿದರೆ ಅದು ಶ್ಯಾವಿಗೆಯದ್ದು. ಇದೇ ಅಂಚಿಗೆ ಅಂಟಿಕೊಂಡೇ ಇದ್ದರೆ ನನ್ನದು. ಪಂಚೆ ಈಗಾಗಲೇ ಕೇಳಿಟ್ಟಿದ್ದೇನೆ.